ಐದು ದಿನಕ್ಕೆ ಹೋದ ಸರ್ಕಾರ, ಐದು ವರ್ಷಕ್ಕೆ ಬಂದ ತೀರ್ಪು: ಬೊಮ್ಮಾಯಿ ಪ್ರಕರಣದ ಪೂರ್ತಿ ಕಥೆ

ಊರಿನ ಗ್ರಾಮ ಪಂಚಾಯಿತಿಯಲ್ಲಿ ಅಧ್ಯಕ್ಷರ ಮೇಲೆ ಅವಿಶ್ವಾಸ ತರಬೇಕು ಅಂದರೆ ಏನು ಮಾಡುತ್ತಾರೆ? ಸದಸ್ಯರು ನೋಟಿಸ್ ಕೊಡುತ್ತಾರೆ. ಉಪವಿಭಾಗಾಧಿಕಾರಿ ದಿನ ಗೊತ್ತು ಮಾಡಿ ಸಭೆ ಕರೆಯುತ್ತಾರೆ. ಆ ದಿನ ಎಲ್ಲರ ಎದುರಿಗೆ ಎಣಿಕೆ ಆಗುತ್ತದೆ. ಗೆದ್ದರೆ ಕುರ್ಚಿ ಉಳಿಯಿತು, ಸೋತರೆ ಹೋಯಿತು. ಹಿಂದಿನ ರಾತ್ರಿ ಯಾರ ಮನೆಯಲ್ಲಿ ಯಾರು ಯಾವ ಕಾಗದಕ್ಕೆ ಸಹಿ ಹಾಕಿದ್ದರು ಅನ್ನುವುದು ಲೆಕ್ಕಕ್ಕೆ ಬರುವುದಿಲ್ಲ.

1989ರ ಏಪ್ರಿಲ್‌ನಲ್ಲಿ ಕರ್ನಾಟಕ ಸರ್ಕಾರಕ್ಕೆ ಅಷ್ಟು ಅವಕಾಶವೂ ಸಿಗಲಿಲ್ಲ.

ಕೇಂದ್ರ-ರಾಜ್ಯ ಸಂಬಂಧ ಅಂದ ಕೂಡಲೇ ನಮಗೆ ತೆರಿಗೆ ಪಾಲು, ನದಿ ನೀರು, ಭಾಷೆ ನೆನಪಾಗುತ್ತವೆ. ಆ ಎಲ್ಲ ಜಗಳಕ್ಕೂ ಮೊದಲು ಒಂದು ಪ್ರಶ್ನೆ ಇದೆ. ಜನ ಆರಿಸಿ ಕಳಿಸಿದ ರಾಜ್ಯ ಸರ್ಕಾರವನ್ನು ದೆಹಲಿ ಮನೆಗೆ ಕಳಿಸಬಹುದಾ? ಯಾವಾಗ? ಯಾರ ಮಾತು ನಂಬಿ? ಸರ್ಕಾರವೇ ಉಳಿಯುತ್ತದೋ ಇಲ್ಲವೋ ಎಂಬ ಭಯದಲ್ಲಿರುವ ಮುಖ್ಯಮಂತ್ರಿ ತೆರಿಗೆ ಪಾಲಿನ ಬಗ್ಗೆ ಎಷ್ಟು ಗಟ್ಟಿಯಾಗಿ ಮಾತಾಡಬಲ್ಲರು? ಅದಕ್ಕೇ ನನಗೆ ಈ ಪ್ರಕರಣ ಮುಖ್ಯ ಅನ್ನಿಸುತ್ತದೆ. ದೇಶದ ಎಲ್ಲ ರಾಜ್ಯಗಳಿಗೂ ಅನ್ವಯಿಸುವ ಉತ್ತರ ಸಿಕ್ಕಿದ್ದು ನಮ್ಮ ರಾಜ್ಯದ ಒಬ್ಬ ಮುಖ್ಯಮಂತ್ರಿಯ ಹೆಸರಿನಲ್ಲಿ. ಆದರೂ ಆ ಐದು ದಿನಗಳಲ್ಲಿ ನಿಜಕ್ಕೂ ಏನಾಯಿತು ಅಂತ ನಮ್ಮಲ್ಲೇ ಗೊತ್ತಿರುವವರು ಕಡಿಮೆ.

ಹಿನ್ನೆಲೆ

1985ರ ಚುನಾವಣೆಯಲ್ಲಿ ಜನತಾ ಪಕ್ಷ 139 ಸೀಟು ಗೆದ್ದು ಅಧಿಕಾರಕ್ಕೆ ಬಂದಿತ್ತು. ಮುಖ್ಯಮಂತ್ರಿ ರಾಮಕೃಷ್ಣ ಹೆಗಡೆ. ಟೆಲಿಫೋನ್ ಕದ್ದಾಲಿಕೆ ಆರೋಪದ ನಡುವೆ 1988ರ ಆಗಸ್ಟ್‌ನಲ್ಲಿ ಅವರು ರಾಜೀನಾಮೆ ಕೊಟ್ಟರು. ಅದೇ ತಿಂಗಳು ಆ ಜಾಗಕ್ಕೆ ಎಸ್.ಆರ್. ಬೊಮ್ಮಾಯಿ ಬಂದರು.

ಸೋಮಪ್ಪ ರಾಯಪ್ಪ ಬೊಮ್ಮಾಯಿ ಈಗಿನ ಹಾವೇರಿ ಜಿಲ್ಲೆಯ ಕಾರಡಗಿಯವರು. ಓದಿದ್ದು ಕಾನೂನು. ಚಿಂತಕ ಎಂ.ಎನ್. ರಾಯ್ ಅವರ ವಿಚಾರಗಳಿಂದ ಬೆಳೆದವರು. ಏಕೀಕರಣ ಚಳವಳಿಯಲ್ಲಿ ಓಡಾಡಿದವರು. ಮುಂದೆ ನಡೆದದ್ದಕ್ಕೆ ಅವರ ವಕೀಲಿಕೆ ಒಂದು ಕಾರಣ ಅಂತ ನನ್ನ ನಂಬಿಕೆ. ಬೇರೆಯವರಾಗಿದ್ದರೆ ಕೇಂದ್ರಕ್ಕೆ ನಾಲ್ಕು ಮಾತು ಬೈದು, ಮುಂದಿನ ಚುನಾವಣೆಯಲ್ಲಿ ನೋಡ್ಕೊಳ್ತೀವಿ ಅಂತ ಸುಮ್ಮನಾಗುತ್ತಿದ್ದರು. ಅಲ್ಲಿಯವರೆಗೆ ವಜಾ ಆದ ಹೆಚ್ಚಿನವರು ಮಾಡಿದ್ದು ಅದನ್ನೇ.

ಬೊಮ್ಮಾಯಿಯವರ ಕಾಲದಲ್ಲಿ ಪಕ್ಷವೇ ಕದಲುತ್ತಿತ್ತು. ಜನತಾ ಪಕ್ಷವೂ ಲೋಕದಳದ ಒಂದು ಬಣವೂ ಸೇರಿ ಜನತಾದಳ ಆದವು. ಯಾವ ಗುಂಪಿಗೆ ಎಷ್ಟು ಮಂತ್ರಿ ಸ್ಥಾನ ಅನ್ನುವ ತಕರಾರು ಮುಗಿಯಲೇ ಇಲ್ಲ. 1989ರ ಏಪ್ರಿಲ್ 15, ಶನಿವಾರ ಬೊಮ್ಮಾಯಿ ಸಂಪುಟ ವಿಸ್ತರಣೆ ಮಾಡಿ 13 ಜನರನ್ನು ಸೇರಿಸಿಕೊಂಡರು. ಸೀಟು ಸಿಕ್ಕವರಿಗಿಂತ ಸಿಗದವರು ಜಾಸ್ತಿ ಇರುತ್ತಾರೆ, ಅಲ್ವಾ? ಎರಡೇ ದಿನಕ್ಕೆ ಅದರ ಫಲ ಕಾಣಿಸಿತು.

ಸೋಮವಾರದಿಂದ ಶುಕ್ರವಾರ

ಏಪ್ರಿಲ್ 17, ಸೋಮವಾರ. ಜನತಾದಳದ ಶಾಸಕ ಕೆ.ಆರ್. ಮೊಳಕೇರಿ ಸರ್ಕಾರಕ್ಕೆ ಕೊಟ್ಟಿದ್ದ ಬೆಂಬಲ ವಾಪಸ್ ಪಡೆದಿದ್ದೇನೆ ಅಂತ ರಾಜ್ಯಪಾಲ ಪಿ. ವೆಂಕಟಸುಬ್ಬಯ್ಯ ಅವರಿಗೆ ಪತ್ರ ಕೊಟ್ಟರು.

ಮರುದಿನ ಅವರೇ ಇನ್ನೂ 19 ಪತ್ರ ತಂದು ಕೊಟ್ಟರು. ಅವುಗಳಲ್ಲಿ 17 ಪತ್ರ ಜನತಾದಳದ ಶಾಸಕರದ್ದು. ಒಂದು ಪಕ್ಷದ ಜೊತೆಗಿದ್ದ ಪಕ್ಷೇತರ ಶಾಸಕರದ್ದು, ಇನ್ನೊಂದು ಸರ್ಕಾರಕ್ಕೆ ಬೆಂಬಲ ಕೊಟ್ಟಿದ್ದ ಬಿಜೆಪಿ ಶಾಸಕರದ್ದು. ಎಲ್ಲರದ್ದೂ ಒಂದೇ ಮಾತು: ನಮ್ಮ ಬೆಂಬಲ ಇಲ್ಲ.

ರಾಜ್ಯಪಾಲರು ಏನು ಮಾಡಿದರು? ವಿಧಾನಮಂಡಲದ ಕಾರ್ಯದರ್ಶಿಯನ್ನು ಕರೆಸಿ, ಸಹಿಗಳು ಅವರವರದ್ದೇ ಹೌದಾ ಅಂತ ತಾಳೆ ನೋಡಿಸಿದರು. ಸಹಿ ನಿಜ ಅಂತಾಯಿತು. ಅಲ್ಲಿಗೆ ಅವರ ವಿಚಾರಣೆ ಮುಗಿಯಿತು.

ಇಲ್ಲಿ ಒಂದು ಗಳಿಗೆ ನಿಲ್ಲಬೇಕು. ಸಹಿ ನಿಜವಾ ಅನ್ನುವುದು ಒಂದು ಪ್ರಶ್ನೆ. ಸಹಿ ಹಾಕಿದವರ ಮನಸ್ಸು ಏನು ಅನ್ನುವುದು ಬೇರೆಯೇ ಪ್ರಶ್ನೆ. ಬ್ಯಾಂಕಿನಲ್ಲಿ ಚೆಕ್ಕಿನ ಸಹಿ ಹೊಂದಿದರೆ ಸಾಕು, ದುಡ್ಡು ಕೊಡುತ್ತಾರೆ. ಒಂದು ಸರ್ಕಾರದ ಉಳಿವನ್ನೂ ಅದೇ ರೀತಿ ನಿರ್ಧರಿಸಬಹುದಾ? ಆ 19 ಜನರನ್ನು ಕರೆಸಿ, ಒಬ್ಬೊಬ್ಬರನ್ನೇ ಕೂರಿಸಿ, ಯಾಕಪ್ಪಾ, ಏನಾಯಿತು ಅಂತ ಕೇಳಲಿಲ್ಲ. ಮುಖ್ಯಮಂತ್ರಿಯನ್ನು ಕರೆದು, ನಿಮ್ಮವರೇ ಹೀಗೆ ಬರೆದುಕೊಟ್ಟಿದ್ದಾರೆ, ಏನಂತೀರಿ ಅಂತಲೂ ಕೇಳಲಿಲ್ಲ. ರಾಜಭವನದಿಂದ ವಿಧಾನಸೌಧಕ್ಕೆ ನಡೆದೇ ಹೋಗಬಹುದು. ಅಷ್ಟು ಹತ್ತಿರ.

19ರಂದು, ಬುಧವಾರ, ರಾಜ್ಯಪಾಲರ ವರದಿ ರಾಷ್ಟ್ರಪತಿಗೆ ಹೋಯಿತು. ಮುಖ್ಯಮಂತ್ರಿಗೆ ಬಹುಮತ ಇಲ್ಲ, ಬೇರೆ ಯಾವ ಪಕ್ಷವೂ ಸರ್ಕಾರ ರಚಿಸುವ ಸ್ಥಿತಿಯಲ್ಲಿಲ್ಲ, ಆದ್ದರಿಂದ ರಾಷ್ಟ್ರಪತಿ ಆಳ್ವಿಕೆ ತರುವ ಸಂವಿಧಾನದ 356ನೇ ವಿಧಿ ಬಳಸಿ ಅಂತ ಅದರಲ್ಲಿತ್ತು.

20ರಂದು, ಗುರುವಾರ, ಕಥೆ ತಿರುಗಿತು. ಆ 19ರಲ್ಲಿ ಏಳು ಶಾಸಕರು ರಾಜ್ಯಪಾಲರಿಗೆ ಮತ್ತೆ ಪತ್ರ ಬರೆದರು. ತಪ್ಪು ಹೇಳಿ ನಮ್ಮಿಂದ ಸಹಿ ಹಾಕಿಸಿಕೊಂಡಿದ್ದಾರೆ, ನಾವು ಸರ್ಕಾರದ ಜೊತೆಗೇ ಇದ್ದೇವೆ ಅಂದರು. ಅದೇ ದಿನ ಸಂಪುಟ ಸೇರಿ, ಒಂದೇ ವಾರದಲ್ಲಿ, ಅಂದರೆ ಏಪ್ರಿಲ್ 27ಕ್ಕೆ ವಿಧಾನಸಭೆ ಕರೆಯಲು ತೀರ್ಮಾನಿಸಿತು. ಬೊಮ್ಮಾಯಿ ತಮ್ಮ ಕಾನೂನು ಸಚಿವರನ್ನು ಕರೆದುಕೊಂಡು ರಾಜಭವನಕ್ಕೆ ಹೋದರು. ಸದನದಲ್ಲೇ ಬಹುಮತ ತೋರಿಸುತ್ತೇನೆ, 27 ದೂರ ಅನ್ನಿಸಿದರೆ ಇನ್ನೂ ಮೊದಲೇ ಅಧಿವೇಶನ ಕರೆಯೋಣ ಅಂದರು. ಇಂಥ ಸಂದರ್ಭದಲ್ಲಿ ಬಲಾಬಲ ಸದನದಲ್ಲೇ ತೀರ್ಮಾನ ಆಗಬೇಕು ಅಂತ ಕೇಂದ್ರ-ರಾಜ್ಯ ಸಂಬಂಧದ ಬಗ್ಗೆ ವರದಿ ಕೊಟ್ಟ ಸರ್ಕಾರಿಯಾ ಆಯೋಗ ಹೇಳಿರುವುದನ್ನೂ ನೆನಪಿಸಿದರು. ಅದನ್ನೇ ಟೆಲೆಕ್ಸ್ ಮೂಲಕ ರಾಷ್ಟ್ರಪತಿಗೂ ತಿಳಿಸಿದರು.

ರಾಜ್ಯಪಾಲರು ಅವತ್ತೇ ಎರಡನೇ ವರದಿ ಕಳಿಸಿದರು. ಏಳು ಜನ ವಾಪಸ್ ಬಂದ ವಿಷಯವನ್ನು ಅವರು ಮುಚ್ಚಿಡಲಿಲ್ಲ, ಅದು ವರದಿಯಲ್ಲೇ ಇದೆ. ಆದರೆ ಆ ಪತ್ರಗಳನ್ನು ಮುಖ್ಯಮಂತ್ರಿ ಒತ್ತಡ ಹಾಕಿ ಬರೆಸಿಕೊಂಡಿದ್ದಾರೆ, ಕುದುರೆ ವ್ಯಾಪಾರ ನಡೆಯುತ್ತಿದೆ, ವಾತಾವರಣ ಕೆಡುತ್ತಿದೆ, ನನ್ನ ಮೊದಲಿನ ಶಿಫಾರಸೇ ಸರಿ ಅಂತ ಬರೆದರು. ಮೊದಲನೇ ಕಟ್ಟಿನ ಪತ್ರಗಳು ಸ್ವಂತ ಇಚ್ಛೆಯವು, ಎರಡನೇ ಸಲ ಬಂದವು ಒತ್ತಡದವು. ಹೀಗೆಂದು ಹೇಗೆ ಗೊತ್ತಾಯಿತು? ಎರಡನ್ನೂ ಬರೆದವರು ಅದೇ ಶಾಸಕರು.

21ರಂದು, ಶುಕ್ರವಾರ, ರಾಷ್ಟ್ರಪತಿ ಆರ್. ವೆಂಕಟರಾಮನ್ ಅವರ ಘೋಷಣೆ ಹೊರಬಿತ್ತು. ಸರ್ಕಾರ ವಜಾ. ವಿಧಾನಸಭೆಯೂ ವಿಸರ್ಜನೆ. ಕೇಂದ್ರದಲ್ಲಿ ರಾಜೀವ್ ಗಾಂಧಿ ಪ್ರಧಾನಿ, ಬೂಟಾ ಸಿಂಗ್ ಗೃಹ ಸಚಿವ. ಸಂಸತ್ತಿನ ಒಪ್ಪಿಗೆ ಆಮೇಲೆ ಸಿಕ್ಕಿತು. 27ನೇ ತಾರೀಖು ಗುರುವಾರ ವಿಧಾನಸೌಧದಲ್ಲಿ ಕಲಾಪ ನಡೆಯಲಿಲ್ಲ.

ಬೊಮ್ಮಾಯಿಯವರಿಗೆ ನಿಜವಾಗಿ ಬಹುಮತ ಇತ್ತಾ? ಆರು ದಿನ ಕಾದಿದ್ದರೆ ಉತ್ತರ ಸಿಗುತ್ತಿತ್ತು. ಕಾಯಲಿಲ್ಲ, ಹಾಗಾಗಿ ಉತ್ತರವೂ ಇಲ್ಲ. ಅವರಿಗೆ ಬಹುಮತ ಇದ್ದೇ ಇತ್ತು ಅಂತ ಇಲ್ಲಿ ವಾದ ಮಾಡುತ್ತಿಲ್ಲ. ಎಣಿಸಬೇಕಾದ ಜಾಗದಲ್ಲಿ ಎಣಿಸಲು ಬಿಡಲಿಲ್ಲ ಅನ್ನುವುದೇ ನನ್ನ ತಕರಾರು.

ಈ ಅಸ್ತ್ರ ಹೊಸದೇನಲ್ಲ

356ನೇ ವಿಧಿಯ ಪ್ರಕಾರ, ಒಂದು ರಾಜ್ಯದ ಆಡಳಿತ ಸಂವಿಧಾನದಂತೆ ನಡೆಯಲಾಗದ ಸ್ಥಿತಿ ಬಂದಿದೆ ಅಂತ ರಾಷ್ಟ್ರಪತಿಗೆ ಮನವರಿಕೆಯಾದರೆ ಅವರು ಆ ಆಡಳಿತವನ್ನು ಕೈಗೆ ತೆಗೆದುಕೊಳ್ಳಬಹುದು. ರಾಷ್ಟ್ರಪತಿ ಅಂದರೆ ಇಲ್ಲಿ ಕೇಂದ್ರ ಸಂಪುಟ ಅಂತಲೇ ಅರ್ಥ. ಇದರ ಬೇರು ಬ್ರಿಟಿಷರ 1935ರ ಕಾಯ್ದೆಯ 93ನೇ ಸೆಕ್ಷನ್‌ನಲ್ಲಿದೆ. ಸಂವಿಧಾನ ರಚನಾ ಸಭೆಯಲ್ಲೂ ಹಲವರು ಇದರ ಬಗ್ಗೆ ಭಯಪಟ್ಟಿದ್ದರು. ದುರುಪಯೋಗ ಆಗಬಹುದು ಅನ್ನುವುದನ್ನು ಅಂಬೇಡ್ಕರ್ ಅಲ್ಲಗಳೆಯಲಿಲ್ಲ. ಈ ವಿಧಿ ಬಳಕೆಗೇ ಬಾರದೆ ಸತ್ತ ಅಕ್ಷರವಾಗಿ ಉಳಿಯಲಿ ಅಂತ 1949ರ ಆಗಸ್ಟ್‌ನಲ್ಲಿ ಆಶಿಸಿದರು. ಬಳಸಲೇಬೇಕಾಗಿ ಬಂದರೂ ಮೊದಲು ರಾಜ್ಯಕ್ಕೆ ಎಚ್ಚರಿಕೆ ಕೊಡುತ್ತಾರೆ ಅಂದುಕೊಂಡಿದ್ದರು.

ಹಾಗಾಗಲಿಲ್ಲ. ಸಂವಿಧಾನ ಜಾರಿಯಾದ ಮರುವರ್ಷವೇ, 1951ರಲ್ಲಿ, ಪಂಜಾಬಿನಲ್ಲಿ ಬಳಸಿದರು. 1959ರ ಜುಲೈ 31ರಂದು ಕೇರಳದ ಇ.ಎಂ.ಎಸ್. ನಂಬೂದಿರಿಪಾಡ್ ಸರ್ಕಾರಕ್ಕೆ ಸದನದಲ್ಲಿ ಬಹುಮತ ಇದ್ದಾಗಲೇ ವಜಾ ಮಾಡಿದರು. 1977ರಲ್ಲಿ ಜನತಾ ಸರ್ಕಾರ ದೆಹಲಿಗೆ ಬಂದು ಒಂಬತ್ತು ರಾಜ್ಯಗಳ ಕಾಂಗ್ರೆಸ್ ಸರ್ಕಾರಗಳನ್ನು ಕಳಿಸಿತು. 1980ರಲ್ಲಿ ಇಂದಿರಾ ಗಾಂಧಿ ವಾಪಸ್ ಬಂದು ಒಂಬತ್ತು ರಾಜ್ಯಗಳಲ್ಲಿ ಅದನ್ನೇ ಮಾಡಿದರು. ಬೊಮ್ಮಾಯಿ ತೀರ್ಪು ಬರುವ ಹೊತ್ತಿಗೆ ಈ ವಿಧಿ ತೊಂಬತ್ತು ಸಲದಷ್ಟು ಬಳಕೆಯಾಗಿತ್ತು.

ನಮ್ಮ ರಾಜ್ಯಕ್ಕೂ ಇದು ಮೊದಲಲ್ಲ. 1977ರ ಡಿಸೆಂಬರ್ 31ರಂದು ದೇವರಾಜ ಅರಸು ಸರ್ಕಾರ ಹೋಗಿದ್ದು ಇದೇ ದಾರಿಯಲ್ಲಿ. ಆಗ ಕೇಂದ್ರದಲ್ಲಿದ್ದದ್ದು ಜನತಾ ಪಕ್ಷ, ಬೊಮ್ಮಾಯಿಯವರದೇ ಪಕ್ಷ. ಈ ವಿಷಯದಲ್ಲಿ ಯಾವ ಪಕ್ಷದ ಕೈಯೂ ಶುದ್ಧವಾಗಿಲ್ಲ. ದೆಹಲಿಯಲ್ಲಿ ಕೂತವರಿಗೆ ಇದು ಹಕ್ಕು ಅನ್ನಿಸುತ್ತದೆ, ರಾಜ್ಯದಲ್ಲಿ ಕೂತವರಿಗೆ ಅನ್ಯಾಯ ಅನ್ನಿಸುತ್ತದೆ. ಕುರ್ಚಿ ಬದಲಾದರೆ ಮಾತೂ ಬದಲಾಗುತ್ತದೆ.

ಕರ್ನಾಟಕಕ್ಕೆ ಇನ್ನೊಂದು ನಂಟೂ ಇದೆ. 1983ರ ಮಾರ್ಚ್‌ನಲ್ಲಿ ಹೆಗಡೆಯವರು ದಕ್ಷಿಣ ರಾಜ್ಯಗಳ ಮುಖ್ಯಮಂತ್ರಿಗಳನ್ನು ಬೆಂಗಳೂರಿಗೆ ಕರೆದು ಸಭೆ ನಡೆಸಿದ್ದರು. ರಾಜ್ಯಗಳ ಅಧಿಕಾರ, ಹಣಕಾಸು ಎಲ್ಲ ಅಲ್ಲಿ ಚರ್ಚೆಯಾಯಿತು. ಕೆಲವೇ ದಿನಗಳಲ್ಲಿ ಇಂದಿರಾ ಗಾಂಧಿ ಕೇಂದ್ರ-ರಾಜ್ಯ ಸಂಬಂಧದ ಬಗ್ಗೆ ಒಂದು ಆಯೋಗ ಪ್ರಕಟಿಸಿದರು. ಅದೇ ಸರ್ಕಾರಿಯಾ ಆಯೋಗ. 356 ಕೊನೆಯ ಅಸ್ತ್ರ ಆಗಿರಬೇಕು, ಬೇರೆ ಎಲ್ಲ ದಾರಿ ಮುಚ್ಚಿದ ಮೇಲಷ್ಟೇ ಬಳಸಬೇಕು ಅಂತ ಅದು ಹೇಳಿತು. ಬೊಮ್ಮಾಯಿ ಆ ಗುರುವಾರ ರಾಜಭವನದಲ್ಲಿ ನೆನಪಿಸಿದ್ದು ಇದೇ ವರದಿಯನ್ನು.

ಹೈಕೋರ್ಟಿನಲ್ಲಿ ಸೋಲು

ವಜಾ ಆದ ಐದನೇ ದಿನ, ಏಪ್ರಿಲ್ 26ಕ್ಕೆ, ಕರ್ನಾಟಕ ಹೈಕೋರ್ಟಿಗೆ ರಿಟ್ ಅರ್ಜಿ ಬಂತು. ಮೂವರು ನ್ಯಾಯಮೂರ್ತಿಗಳ ವಿಶೇಷ ಪೀಠ ಕೂತು ಕೇಳಿತು. ಅರ್ಜಿ ವಜಾ ಆಯಿತು. ರಾಜ್ಯಪಾಲರ ವರದಿಯಲ್ಲಿರುವ ಸಂಗತಿಗಳು ಸಾಕು, ವರದಿ ಕಳಿಸುವ ಮುಂಚೆ ಸದನದಲ್ಲಿ ಬಲ ಪರೀಕ್ಷೆ ನಡೆಯಲೇಬೇಕು ಅಂತೇನಿಲ್ಲ ಅಂದಿತು ಹೈಕೋರ್ಟ್.

ಆಗಿನ ಕಾನೂನಿನ ಸ್ಥಿತಿ ನೋಡಿದರೆ ಇದು ಆಶ್ಚರ್ಯದ ಮಾತಲ್ಲ. 1977ರ ರಾಜಸ್ಥಾನ ಪ್ರಕರಣದಲ್ಲಿ ಸುಪ್ರೀಂ ಕೋರ್ಟಿನ ಏಳು ನ್ಯಾಯಮೂರ್ತಿಗಳ ಪೀಠ ಈ ವಿಷಯಕ್ಕೆ ಕೈ ಹಾಕಲು ಬಹಳ ಹಿಂಜರಿದಿತ್ತು. ರಾಷ್ಟ್ರಪತಿಯ ಮನವರಿಕೆ ರಾಜಕೀಯ ತೀರ್ಮಾನ, ದುರುದ್ದೇಶ ಎದ್ದು ಕಂಡರೆ ಮಾತ್ರ ನೋಡಬಹುದು ಅನ್ನುವಷ್ಟಕ್ಕೆ ಕಿಟಕಿ ತೆರೆದಿತ್ತು. ತುರ್ತು ಪರಿಸ್ಥಿತಿಯಲ್ಲಿ ಬಂದ 38ನೇ ತಿದ್ದುಪಡಿ, ಈ ಮನವರಿಕೆಯನ್ನು ಯಾವ ಕೋರ್ಟೂ ಪ್ರಶ್ನಿಸುವಂತಿಲ್ಲ ಅಂತಲೇ ಬರೆದುಬಿಟ್ಟಿತ್ತು. 44ನೇ ತಿದ್ದುಪಡಿ ಆ ಸಾಲನ್ನು ತೆಗೆದುಹಾಕಿತು. ಸಾಲು ಹೋಯಿತು, ಅಭ್ಯಾಸ ಹೋಗಲಿಲ್ಲ.

ಬೊಮ್ಮಾಯಿ ಸುಪ್ರೀಂ ಕೋರ್ಟಿಗೆ ಹೋದರು. ಅಷ್ಟರಲ್ಲಿ ರಾಜ್ಯದ ರಾಜಕೀಯ ಮುಂದೆ ಹೋಗಿತ್ತು. 1989ರ ನವೆಂಬರ್ ಚುನಾವಣೆಯಲ್ಲಿ ಕಾಂಗ್ರೆಸ್ 178 ಸೀಟು ಗೆದ್ದಿತು, ಜನತಾದಳ 24ಕ್ಕೆ ಇಳಿಯಿತು. ವೀರೇಂದ್ರ ಪಾಟೀಲರು ಮುಖ್ಯಮಂತ್ರಿಯಾದರು.

ನೋಡಿ, ಜನ ಹೇಗೂ ಸೋಲಿಸಿದರಲ್ಲ, ರಾಜ್ಯಪಾಲರು ಮೊದಲೇ ಕಳಿಸಿದ್ದರಲ್ಲಿ ತಪ್ಪೇನು ಅಂತ ಆಗಲೂ ಕೆಲವರು ಕೇಳಿದ್ದರು, ಈಗಲೂ ಕೇಳುತ್ತಾರೆ. ಈ ವಾದ ನನಗೆ ಒಪ್ಪಿಗೆಯಿಲ್ಲ. ಸೋಲಿಸುವುದು ಮತದಾರರ ಕೆಲಸ. ನಡುವೆ ಕುರ್ಚಿ ಬಿಡಿಸುವುದು ಸದನದ ಕೆಲಸ. ಅವರು ಮಾಡಬೇಕಾದ್ದನ್ನು ದೆಹಲಿ ನೇಮಿಸಿದ ಒಬ್ಬರು ಮುಂಚಿತವಾಗಿ ಮಾಡಿ ಮುಗಿಸಿದರೆ, ಆಮೇಲೆ ಬಂದ ಫಲಿತಾಂಶ ಅದನ್ನು ಸರಿ ಮಾಡಲಾರದು.

ಒಂಬತ್ತು ನ್ಯಾಯಮೂರ್ತಿಗಳು

ಸುಪ್ರೀಂ ಕೋರ್ಟಿನಲ್ಲಿ ಕರ್ನಾಟಕ ಒಂಟಿಯಾಗಿ ನಿಲ್ಲಲಿಲ್ಲ. 1988ರಲ್ಲಿ ನಾಗಾಲ್ಯಾಂಡ್, 1991ರಲ್ಲಿ ಮೇಘಾಲಯ ಸರ್ಕಾರಗಳು ಹೋಗಿದ್ದವು. 1992ರ ಡಿಸೆಂಬರ್ 6ರಂದು ಬಾಬರಿ ಮಸೀದಿ ಕೆಡವಿದ ಮೇಲೆ, ಡಿಸೆಂಬರ್ 15ರಂದು ಮಧ್ಯಪ್ರದೇಶ, ರಾಜಸ್ಥಾನ, ಹಿಮಾಚಲ ಪ್ರದೇಶದ ಬಿಜೆಪಿ ಸರ್ಕಾರಗಳನ್ನು ವಜಾ ಮಾಡಿದ್ದರು. ಆರೂ ರಾಜ್ಯಗಳ ಪ್ರಕರಣ ಒಟ್ಟಿಗೆ ಒಂಬತ್ತು ನ್ಯಾಯಮೂರ್ತಿಗಳ ಪೀಠದ ಮುಂದೆ ಬಂದವು.

ತೀರ್ಪು ಬಂದದ್ದು 1994ರ ಮಾರ್ಚ್ 11ರಂದು. ಅದೂ ಶುಕ್ರವಾರವೇ. ಸರ್ಕಾರ ಹೋಗಿ ನಾಲ್ಕು ವರ್ಷ, ಹತ್ತು ತಿಂಗಳು, ಹದಿನೆಂಟು ದಿನ ಆಗಿತ್ತು.

ಒಂಬತ್ತೂ ಜನ ಒಂದೇ ಸ್ವರದಲ್ಲಿ ಮಾತಾಡಲಿಲ್ಲ. ಆರು ಬೇರೆ ಬೇರೆ ಅಭಿಪ್ರಾಯಗಳು ಬಂದವು. ಕೋರ್ಟು ಎಷ್ಟರಮಟ್ಟಿಗೆ ಕೈ ಹಾಕಬಹುದು ಅನ್ನುವಲ್ಲಿ ನ್ಯಾಯಮೂರ್ತಿ ಅಹ್ಮದಿ, ನ್ಯಾಯಮೂರ್ತಿ ವರ್ಮಾ ಅವರಿಗೆ ಹಿಂಜರಿಕೆ ಜಾಸ್ತಿ ಇತ್ತು. ಇವತ್ತು ನಾವು ಬೊಮ್ಮಾಯಿ ತೀರ್ಪು ಅನ್ನುವುದರ ತಿರುಳು ಮುಖ್ಯವಾಗಿ ನ್ಯಾಯಮೂರ್ತಿ ಪಿ.ಬಿ. ಸಾವಂತ್ ಮತ್ತು ನ್ಯಾಯಮೂರ್ತಿ ಬಿ.ಪಿ. ಜೀವನ್ ರೆಡ್ಡಿ ಬರೆದ ಅಭಿಪ್ರಾಯಗಳಲ್ಲಿದೆ. ಕುಲದೀಪ್ ಸಿಂಗ್, ಅಗ್ರವಾಲ್, ಪಾಂಡಿಯನ್ ಅವರ ಒಪ್ಪಿಗೆಯಿಂದ ಅದೇ ಬಹುಮತ ಆಯಿತು.

ಮೊದಲನೆಯ ಮಾತು: ರಾಷ್ಟ್ರಪತಿಯ ಘೋಷಣೆಯನ್ನು ಕೋರ್ಟು ಪರಿಶೀಲಿಸಬಹುದು. ಮಂತ್ರಿಮಂಡಲ ರಾಷ್ಟ್ರಪತಿಗೆ ಏನು ಸಲಹೆ ಕೊಟ್ಟಿತು ಅಂತ ಕೇಳುವಂತಿಲ್ಲ, ಅದಕ್ಕೆ 74ನೇ ವಿಧಿ ಅಡ್ಡ ಬರುತ್ತದೆ. ಆದರೆ ಆ ಸಲಹೆ ಯಾವ ಕಾಗದಪತ್ರದ ಮೇಲೆ ನಿಂತಿತ್ತು ಅಂತ ಕೇಳಬಹುದು. ಆಧಾರ ಇತ್ತಾ, ಅದಕ್ಕೂ ತೀರ್ಮಾನಕ್ಕೂ ಸಂಬಂಧ ಇತ್ತಾ, ದುರುದ್ದೇಶ ಇತ್ತಾ ಅಂತ ನೋಡಬಹುದು. ಅಲ್ಲಿಯವರೆಗೆ ದೆಹಲಿಯ ಕಡತದಲ್ಲಿ ಏನಿದೆ ಅಂತ ಕೇಳುವ ದಾರಿಯೇ ರಾಜ್ಯಗಳಿಗೆ ಇರಲಿಲ್ಲ ಅನ್ನಬಹುದು.

ಎರಡನೆಯದು ನಮ್ಮ ಪ್ರಕರಣದ ಹೃದಯ. ಸರ್ಕಾರಕ್ಕೆ ಬಹುಮತ ಇದೆಯೋ ಇಲ್ಲವೋ ಅನ್ನುವುದನ್ನು ಪರೀಕ್ಷಿಸುವ ಜಾಗ ಸದನ. ಅದು ಯಾವ ವ್ಯಕ್ತಿಯ ಸ್ವಂತ ಅಭಿಪ್ರಾಯಕ್ಕೂ ಬಿಟ್ಟ ವಿಷಯವಲ್ಲ, ಆ ವ್ಯಕ್ತಿ ರಾಜ್ಯಪಾಲರಾದರೂ ಸರಿ, ರಾಷ್ಟ್ರಪತಿಯಾದರೂ ಸರಿ. ಕರ್ನಾಟಕದ ರಾಜ್ಯಪಾಲರು ಶಾಸಕರ ಮಾತನ್ನು ತಾವೇ ಕೇಳಿ ತಿಳಿದುಕೊಳ್ಳಲಿಲ್ಲ, ಮುಖ್ಯಮಂತ್ರಿಗೆ ಅವಕಾಶ ಕೊಡಲಿಲ್ಲ, ಅವರು ತೋರಿದ ಅವಸರದಲ್ಲೇ ದುರುದ್ದೇಶದ ವಾಸನೆ ಇದೆ ಎಂಬ ಅರ್ಥದ ಕಟುವಾದ ಮಾತು ಸಾವಂತ್ ಅವರ ಅಭಿಪ್ರಾಯದಲ್ಲಿದೆ. ಸುಪ್ರೀಂ ಕೋರ್ಟು ರಾಜ್ಯಪಾಲರ ಬಗ್ಗೆ ಇಷ್ಟು ನೇರವಾಗಿ ಬರೆಯುವುದು ಅಪರೂಪ.

ಮೂರನೆಯದರ ಬಗ್ಗೆ ಜನ ಅಷ್ಟಾಗಿ ಮಾತಾಡುವುದಿಲ್ಲ. ನನ್ನ ಲೆಕ್ಕದಲ್ಲಿ ದೆಹಲಿಯ ಕೈ ಕಟ್ಟಿದ್ದು ಇದೇ. ಘೋಷಣೆ ಹೊರಡಿಸಿದ ಕೂಡಲೇ ವಿಧಾನಸಭೆ ವಿಸರ್ಜಿಸುವಂತಿಲ್ಲ. ಲೋಕಸಭೆ, ರಾಜ್ಯಸಭೆ ಎರಡೂ ಒಪ್ಪುವವರೆಗೆ ಅದನ್ನು ಅಮಾನತಿನಲ್ಲಿ ಮಾತ್ರ ಇಡಬಹುದು. ಎರಡು ತಿಂಗಳಲ್ಲಿ ಒಪ್ಪಿಗೆ ಸಿಗದಿದ್ದರೆ ಘೋಷಣೆ ಬಿದ್ದುಹೋಗುತ್ತದೆ, ಹಳೆ ಸರ್ಕಾರ ವಾಪಸ್ ಬರುತ್ತದೆ. ಘೋಷಣೆ ತಪ್ಪು ಅಂತ ಕೋರ್ಟಿಗೆ ಅನ್ನಿಸಿದರೆ ಅದೂ ಸರ್ಕಾರವನ್ನು, ಸದನವನ್ನು ಮತ್ತೆ ಜೀವಂತ ಮಾಡಬಹುದು. ಲೋಕಸಭೆಯಲ್ಲಿ ಬಹುಮತ ಇರುವ ಪಕ್ಷಕ್ಕೆ ರಾಜ್ಯಸಭೆಯಲ್ಲೂ ಇರಬೇಕು ಅಂತೇನಿಲ್ಲ. ರಾಜ್ಯಸಭೆಗೆ ಆರಿಸಿ ಕಳಿಸುವುದು ರಾಜ್ಯಗಳ ಶಾಸಕರು. ಹಾಗಾಗಿ ಒಂದು ರಾಜ್ಯವನ್ನು ವಜಾ ಮಾಡಬೇಕಾದರೆ ಉಳಿದ ರಾಜ್ಯಗಳನ್ನೂ ಕೇಳಿದ ಹಾಗಾಯಿತು.

ಇವೆಲ್ಲದರ ಕೆಳಗೆ ಒಂದು ನೆಲಗಟ್ಟು ಇದೆ. ಒಕ್ಕೂಟ ವ್ಯವಸ್ಥೆ ಸಂವಿಧಾನದ ಮೂಲ ರಚನೆಗೆ, ಅಂದರೆ ತಿದ್ದುಪಡಿಯಿಂದಲೂ ಅಳಿಸಲಾಗದ ಅಡಿಪಾಯಕ್ಕೆ ಸೇರಿದ್ದು. ಕೇಂದ್ರಕ್ಕೆ ಹೆಚ್ಚಿನ ಅಧಿಕಾರ ಇದೆ, ನಿಜ. ಹಾಗಂತ ರಾಜ್ಯಗಳು ಕೇಂದ್ರದ ಬಾಲಂಗೋಚಿಗಳಲ್ಲ, ತಮಗೆ ಕೊಟ್ಟ ವಿಷಯಗಳಲ್ಲಿ ಅವೇ ಪರಮಾಧಿಕಾರಿಗಳು ಅನ್ನುವ ಅರ್ಥದ ಮಾತು ಜೀವನ್ ರೆಡ್ಡಿಯವರದು.

ಕರ್ನಾಟಕ, ನಾಗಾಲ್ಯಾಂಡ್, ಮೇಘಾಲಯದ ಘೋಷಣೆಗಳು ಸಂವಿಧಾನಬಾಹಿರ ಎಂದು ತೀರ್ಮಾನವಾಯಿತು. ಮಧ್ಯಪ್ರದೇಶ, ರಾಜಸ್ಥಾನ, ಹಿಮಾಚಲದ ವಜಾಗಳನ್ನು ಕೋರ್ಟು ಎತ್ತಿಹಿಡಿಯಿತು. ಜಾತ್ಯತೀತತೆ ಸಂವಿಧಾನದ ಮೂಲ ರಚನೆಯ ಭಾಗ, ಅದಕ್ಕೆ ವಿರುದ್ಧವಾಗಿ ನಡೆಯುವ ರಾಜ್ಯ ಸರ್ಕಾರ 356ಕ್ಕೆ ಗುರಿಯಾಗಬಹುದು ಎಂಬ ಕಾರಣ ಕೊಟ್ಟಿತು.

ಈ ಎರಡನೇ ಭಾಗ ಓದುವಾಗ ನನಗೆ ಪೂರ್ತಿ ಸಮಾಧಾನ ಇಲ್ಲ. ಜಾತ್ಯತೀತತೆಯ ಬಗ್ಗೆ ಕೋರ್ಟು ಹೇಳಿದ ತತ್ವ ಸರಿ. ಆದರೆ ಆ ಮೂರೂ ಸರ್ಕಾರಗಳಿಗೆ ಸದನದಲ್ಲಿ ಬಹುಮತ ಇತ್ತು, ಮಸೀದಿ ಬಿದ್ದದ್ದು ಇನ್ನೊಂದು ರಾಜ್ಯದಲ್ಲಿ. ಮಧ್ಯಪ್ರದೇಶ ಹೈಕೋರ್ಟು ಅಲ್ಲಿನ ಘೋಷಣೆಯನ್ನು ರದ್ದು ಮಾಡಿಯೂ ಇತ್ತು. ಕರ್ನಾಟಕದ ರಾಜ್ಯಪಾಲರ ವರದಿಯನ್ನು ಸಾಲು ಸಾಲಾಗಿ ಬಿಡಿಸಿ ನೋಡಿದ ಹಾಗೆ ಈ ಮೂರು ರಾಜ್ಯಗಳ ಸಾಕ್ಷ್ಯವನ್ನು ನೋಡಲಿಲ್ಲ ಅಂತ ನನಗೆ ಅನ್ನಿಸುತ್ತದೆ. ಅಳತೆಗೋಲು ಒಂದೇ ಆಗಿರಬೇಕು. ಯಾರ ಸರ್ಕಾರ ಅನ್ನುವುದರ ಮೇಲೆ ಅದು ಉದ್ದ ಗಿಡ್ಡ ಆಗಬಾರದು.

ಗೆದ್ದವರಿಗೆ ಏನು ಸಿಕ್ಕಿತು?

ಕೈಗೆ ಏನೂ ಸಿಗಲಿಲ್ಲ. ತೀರ್ಪು ಬಂದಾಗ ರಾಜ್ಯದಲ್ಲಿ ಹೊಸ ವಿಧಾನಸಭೆ ಇತ್ತು, ವೀರಪ್ಪ ಮೊಯ್ಲಿ ಮುಖ್ಯಮಂತ್ರಿಯಾಗಿದ್ದರು. ವಾಪಸ್ ಕೂರಿಸಲು ಹಳೆಯ ಸದನವೇ ಉಳಿದಿರಲಿಲ್ಲ. ನಿಮ್ಮನ್ನು ತೆಗೆದದ್ದು ತಪ್ಪು ಅನ್ನುವ ಮಾತಷ್ಟೇ ಬೊಮ್ಮಾಯಿಯವರ ಪಾಲಿಗೆ ಬಂದದ್ದು. ಅವರು ಮತ್ತೆ ಮುಖ್ಯಮಂತ್ರಿ ಆಗಲಿಲ್ಲ. 1996ರಲ್ಲಿ ದೇವೇಗೌಡರು ಪ್ರಧಾನಿಯಾದಾಗ ಅವರ ಸಂಪುಟದಲ್ಲಿ ಮಾನವ ಸಂಪನ್ಮೂಲ ಸಚಿವರಾದರು.

ಈ ಪ್ರಕರಣದಲ್ಲಿ ನನ್ನನ್ನು ಎಲ್ಲಕ್ಕಿಂತ ಕಾಡುವುದು ಈ ಕಾಲದ ಲೆಕ್ಕ. ಸರ್ಕಾರ ಬೀಳಿಸಲು ಐದು ದಿನ. ಬೀಳಿಸಿದ್ದು ತಪ್ಪು ಅನ್ನಲು ಐದು ವರ್ಷ. ಇಂಥ ಅಂತರ ಇರುವವರೆಗೆ ಕಾನೂನು ರಾಜ್ಯಗಳ ಪರ ಇದ್ದರೂ ತಕ್ಕಡಿ ದೆಹಲಿಯ ಕಡೆಗೇ ವಾಲುತ್ತದೆ. ಅದಕ್ಕೇ ತೀರ್ಪಿನ ನಂತರದ ಕಥೆಯನ್ನು ನಾನು ಒಂದೇ ಪ್ರಶ್ನೆ ಇಟ್ಟುಕೊಂಡು ನೋಡುತ್ತೇನೆ. ಎಣಿಕೆ ಎಷ್ಟು ಬೇಗ ಆಯಿತು?

1998ರ ಫೆಬ್ರವರಿ, ಉತ್ತರ ಪ್ರದೇಶ. ರಾಜ್ಯಪಾಲ ರೊಮೇಶ್ ಭಂಡಾರಿ ಅವರು ಕಲ್ಯಾಣ್ ಸಿಂಗ್ ಅವರನ್ನು ತೆಗೆದು ಜಗದಂಬಿಕಾ ಪಾಲ್ ಅವರನ್ನು ಕೂರಿಸಿದರು. ಸುಪ್ರೀಂ ಕೋರ್ಟು ದಿನಗಳಲ್ಲೇ ಸದನದಲ್ಲಿ ಇಬ್ಬರಿಗೂ ಮತ ಹಾಕಿಸಿ ಅಂದಿತು. ಕಲ್ಯಾಣ್ ಸಿಂಗ್ ಅವರಿಗೆ 225, ಪಾಲ್ ಅವರಿಗೆ 196. ಮುಗಿಯಿತು.

1999ರ ಫೆಬ್ರವರಿಯಲ್ಲಿ ಬಿಹಾರದ ರಾಬ್ರಿ ದೇವಿ ಸರ್ಕಾರವನ್ನು ವಾಜಪೇಯಿ ಸರ್ಕಾರ ವಜಾ ಮಾಡಿತು. ರಾಜ್ಯಸಭೆಯಲ್ಲಿ ಒಪ್ಪಿಗೆ ಸಿಗುವ ಲಕ್ಷಣ ಕಾಣಲಿಲ್ಲ. ಸದನ ಅಮಾನತಿನಲ್ಲಷ್ಟೇ ಇತ್ತು. ಮಾರ್ಚ್‌ನಲ್ಲಿ ರಾಬ್ರಿ ದೇವಿ ವಾಪಸ್ ಬಂದರು. ತೀರ್ಪಿನ ಮೂರನೆಯ ಮಾತು ಕೆಲಸ ಮಾಡಿದ್ದು ಹೀಗೆ.

2005ರಲ್ಲಿ ಅದೇ ಬಿಹಾರದಲ್ಲಿ ಮತ್ತೆ ಎಡವಿದರು. ಹೊಸದಾಗಿ ಆರಿಸಿ ಬಂದ ವಿಧಾನಸಭೆ ಒಂದು ಸಲವೂ ಸೇರುವ ಮುಂಚೆಯೇ, ಕುದುರೆ ವ್ಯಾಪಾರ ನಡೆಯುತ್ತಿದೆ ಅಂತ ರಾಜ್ಯಪಾಲರು ವರದಿ ಬರೆದು ವಿಸರ್ಜನೆ ಮಾಡಿಸಿದರು. ಆ ರಾಜ್ಯಪಾಲರು 1989ರಲ್ಲಿ ಕೇಂದ್ರ ಗೃಹ ಸಚಿವರಾಗಿದ್ದ ಅದೇ ಬೂಟಾ ಸಿಂಗ್. ಕಾರಣವೂ ಹೆಚ್ಚು ಕಡಿಮೆ ಅದೇ. ಸುಪ್ರೀಂ ಕೋರ್ಟು ಸಂವಿಧಾನಬಾಹಿರ ಅಂದಿತು, ಆದರೆ ಚುನಾವಣೆ ಪ್ರಕ್ರಿಯೆ ಶುರುವಾಗಿತ್ತು ಅಂತ ಸದನವನ್ನು ವಾಪಸ್ ಕೊಡಲಿಲ್ಲ. ಮತ್ತೆ ತಡವಾಯಿತು.

2016ರಲ್ಲಿ ಉತ್ತರಾಖಂಡದಲ್ಲಿ ತಡವಾಗಲಿಲ್ಲ. ಮಾರ್ಚ್ ಕೊನೆಯಲ್ಲಿ ರಾಷ್ಟ್ರಪತಿ ಆಳ್ವಿಕೆ ಬಂತು. ಮೇ 10ರಂದು ಸುಪ್ರೀಂ ಕೋರ್ಟಿನ ಆದೇಶದಂತೆ ಸದನದಲ್ಲಿ ಮತ ಎಣಿಸಿದರು. ಹರೀಶ್ ರಾವತ್ ಪರ 33, ವಿರುದ್ಧ 28. ಸರ್ಕಾರ ವಾಪಸ್ ಬಂತು.

ನಮ್ಮಲ್ಲೂ ಈ ತೀರ್ಪಿನ ನೆರಳು ಬಿದ್ದಿದೆ. 2011ರ ಮೇ ತಿಂಗಳಲ್ಲಿ ರಾಜ್ಯಪಾಲ ಹಂಸರಾಜ್ ಭಾರದ್ವಾಜ್ ಅವರು ಯಡಿಯೂರಪ್ಪ ಸರ್ಕಾರದ ವಿರುದ್ಧ ರಾಷ್ಟ್ರಪತಿ ಆಳ್ವಿಕೆಗೆ ಶಿಫಾರಸು ಮಾಡಿದರು. ಅವರನ್ನು ನೇಮಿಸಿದ್ದ ಯುಪಿಎ ಸರ್ಕಾರವೇ ಅದನ್ನು ಒಪ್ಪಲಿಲ್ಲ. 1989ಕ್ಕಿಂತ ಮುಂಚೆ ಇಂಥದ್ದನ್ನು ಊಹಿಸುವುದೂ ಕಷ್ಟವಿತ್ತು.

2018ರ ಮೇ ತಿಂಗಳು ಬಹಳ ಜನಕ್ಕೆ ನೆನಪಿರಬಹುದು. ಬಿಜೆಪಿಗೆ 104 ಸೀಟು, ಕಾಂಗ್ರೆಸ್ ಮತ್ತು ಜೆಡಿಎಸ್ ಕೈ ಜೋಡಿಸಿದವು. ರಾಜ್ಯಪಾಲ ವಜುಭಾಯಿ ವಾಲಾ ಅವರು ಯಡಿಯೂರಪ್ಪನವರನ್ನು ಕರೆದು, ಬಹುಮತ ತೋರಿಸಲು 15 ದಿನ ಕೊಟ್ಟರು. ಅವತ್ತು ರಾತ್ರಿಯೇ ಸುಪ್ರೀಂ ಕೋರ್ಟಿನ ಬಾಗಿಲು ತೆರೆಯಿತು. ನಡುರಾತ್ರಿ ಕಳೆದ ಮೇಲೆ ಶುರುವಾದ ವಿಚಾರಣೆ ಬೆಳಗಿನ ಜಾವದವರೆಗೆ ನಡೆಯಿತು. ಪ್ರಮಾಣ ವಚನ ನಿಲ್ಲಲಿಲ್ಲ. ಆದರೆ ಮರುದಿನ, ಮೇ 18ರಂದು, ಕೋರ್ಟು ಆ 15 ದಿನವನ್ನು ಕತ್ತರಿಸಿ ನಾಳೆ ಸಂಜೆ ನಾಲ್ಕಕ್ಕೆ ಸದನದಲ್ಲಿ ಎಣಿಸಿ ಅಂದಿತು. 19ರಂದು ಯಡಿಯೂರಪ್ಪ ಸದನದಲ್ಲಿ ಮಾತಾಡಿ, ಮತಕ್ಕೆ ಹಾಕುವ ಮುಂಚೆಯೇ ರಾಜೀನಾಮೆ ಕೊಡಲು ಹೊರಟರು. ಅದು 356ರ ಪ್ರಕರಣ ಅಲ್ಲ, ಗೊತ್ತು. ಆದರೆ ಸದನದಲ್ಲಿ, ಬೇಗ, ಎಲ್ಲರ ಎದುರಿಗೆ ಎಣಿಸಿ ಅನ್ನುವ ಮಾತು ಹುಟ್ಟಿದ್ದು ಬೊಮ್ಮಾಯಿ ಪ್ರಕರಣದಲ್ಲೇ.

ಆ ತೀರ್ಪು ಎಲ್ಲವನ್ನೂ ತಡೆಯಲಿಲ್ಲ ಅನ್ನುವುದೂ ನಿಜ. ಶಾಸಕರು ರಾಜೀನಾಮೆ ಕೊಟ್ಟು ರೆಸಾರ್ಟ್ ಸೇರಿದರೆ ಎಣಿಕೆಯೇ ಬದಲಾಗುತ್ತದೆ. 2019ರ ಜುಲೈ 23ರಂದು ಕುಮಾರಸ್ವಾಮಿ ಸರ್ಕಾರ 99-105ರಲ್ಲಿ ಬಿದ್ದದ್ದು ಸದನದಲ್ಲೇ, ನಿಯಮದ ಪ್ರಕಾರವೇ. ರಾಜಭವನದ ಜಗಳವೂ ಜಾಗ ಬದಲಿಸಿದೆ. ಈಗ ಸರ್ಕಾರ ವಜಾ ಮಾಡುವುದಕ್ಕಿಂತ ವಿಧಾನಸಭೆ ಒಪ್ಪಿದ ಮಸೂದೆಗಳನ್ನು ಇಟ್ಟುಕೊಂಡು ಕೂರುವ ಬಗ್ಗೆ ರಾಜ್ಯಗಳು ಕೋರ್ಟಿಗೆ ಹೋಗುತ್ತಿವೆ. ಅಲ್ಲೂ ಪ್ರಶ್ನೆ ಕಾಲದ್ದೇ: ಎಷ್ಟು ದಿನ ಇಟ್ಟುಕೊಳ್ಳಬಹುದು?

ಬೊಮ್ಮಾಯಿ ಬೆಂಗಳೂರಿನಲ್ಲಿ ತೀರಿಕೊಂಡದ್ದು 2007ರ ಅಕ್ಟೋಬರ್ 10ರಂದು. ಅದರ ಹಿಂದಿನ ದಿನವಷ್ಟೇ ಕರ್ನಾಟಕಕ್ಕೆ ಮತ್ತೊಮ್ಮೆ ರಾಷ್ಟ್ರಪತಿ ಆಳ್ವಿಕೆ ಬಂದಿತ್ತು. ಬಿಜೆಪಿ ಬೆಂಬಲ ಹಿಂತೆಗೆದುಕೊಂಡು, ಕುಮಾರಸ್ವಾಮಿ ರಾಜೀನಾಮೆ ಕೊಟ್ಟಿದ್ದರು. ಈ ಸಲ ವಿಧಾನಸಭೆಯನ್ನು ವಿಸರ್ಜಿಸಲಿಲ್ಲ, ಅಮಾನತಿನಲ್ಲಿಟ್ಟರು. ನವೆಂಬರ್‌ನಲ್ಲಿ ಅದೇ ಸದನದ ಬಲದ ಮೇಲೆ ಇನ್ನೊಂದು ಸರ್ಕಾರ ಪ್ರಮಾಣ ವಚನ ತೆಗೆದುಕೊಂಡಿತು.